ಹೊಳಪಿನ ವೈರಿ ಶಂಭುಲಿಂಗಪ್ಪನವರು

ಅಮರಗೋಳದ ಮಾರುಕಟ್ಟೆಯ ಮೇಲೆ ಹಾಯುವಾಗ ಸೂರ್ಯದೇವನು ತನ್ನ ರಥವನ್ನು ಒಂದಿಷ್ಟು ಓರೆಯಾಗಿ ಹೊಡೆಯುತ್ತಾನೆಂದು ಅಲ್ಲಿಯ ಹಮಾಲರು ಹೇಳುತ್ತಾರೆ. ಕೆಳಗೆ ಹತ್ತಿ ವ್ಯಾಪಾರಿ ಶಂಭುಲಿಂಗಪ್ಪನವರು ನಿಂತಿರುತ್ತಾರೆ; ಕಣ್ಣಿಗೆ ಬಿದ್ದರೆ ತನ್ನನ್ನೂ ಹಿಡಿದು ಉಜ್ಜಿಸಿ ಮಂಕು ಮಾಡಿಬಿಟ್ಟಾರೆಂಬ ಭಯ ಅವನಿಗೆ.

ಹೊಳೆಯುವ ವಸ್ತುವೆಂದರೆ ಐವತ್ತೆಂಟರ ಈ ಸಾವಕಾರರಿಗೆ ಹುಟ್ಟಾ ವೈರ. ಬೂದಿಬಣ್ಣದ ಕೋಟಿನ ಹಿತ್ತಾಳೆ ಗುಂಡಿಗಳಿಗೆ ಬಟ್ಟೆ ಹೊದಿಸಿದ್ದಾರೆ. ಉಂಗುರದ ಹರಳನ್ನು ಅಂಗೈಯೊಳಕ್ಕೆ ತಿರುಗಿಸಿಕೊಂಡೇ ನಮಸ್ಕಾರ ಮಾಡುತ್ತಾರೆ. ಹೊಸ ಸ್ಕೂಟರನ್ನು ಕೊಂಡ ದಿನವೇ ಕೆಸರಿನಲ್ಲಿ ಒಂದು ಸುತ್ತು ಹೊಡೆಸಿ ಮನೆಗೆ ತಂದವರು. ನೆರಳಿನಿಂದ ನೆರಳಿಗೆ ದಾಟುವ ಅವರ ನಡಿಗೆಯನ್ನು ನೋಡಿದರೆ, ಹಳ್ಳದೊಳಗೆ ಕಲ್ಲಿನಿಂದ ಕಲ್ಲಿಗೆ ಕಾಲಿಡುವವರ ನೆನಪಾಗುತ್ತದೆ. ಯಾರು ಏನೇ ಅಂದರೂ ‘ಹಂಗಲ್ಲರಿ’ ಎಂದೇ ಬಾಯಿ ತೆಗೆಯುತ್ತಾರೆ, ಎದುರಿನವರ ಮಾತು ತಮಗೆ ಪೂರ್ತಿ ಒಪ್ಪಿಗೆಯಾಗಿದ್ದರೂ.

ವಿಧಿ ಇಂಥವರ ಕೈಗೆ ಕೊಟ್ಟದ್ದು ಸ್ಟೇನ್‌ಲೆಸ್ ಸ್ಟೀಲಿನ ರೈಫಲ್ಲನ್ನು. ತುಕ್ಕು ಹಿಡಿಯದೆಂಬ ಒಂದೇ ಗುಣಕ್ಕೆ ಮರುಳಾಗಿ, ಗುರಿಕಾರರ ಕ್ಲಬ್ಬಿನ ದಸರಾ ಸ್ಪರ್ಧೆಗೆಂದು ಪರವಾನಗಿ ಸಮೇತ ತರಿಸಿಕೊಂಡಿದ್ದರು. ಮೂರು ವರ್ಷ ಬಿಸಿಲು ಅದರ ನಳಿಕೆಯಿಂದ ಪುಟಿದು ಅವರ ಬಲಗಣ್ಣಿಗೆ ಹೊಡೆಯಿತು. ಮೂರು ವರ್ಷವೂ ಬಹುಮಾನ ಧಾರವಾಡದ ನಿವೃತ್ತ ಗಣಿತ ಮಾಸ್ತರ ವೆಂಕಣ್ಣನವರ ಪಾಲಾಯಿತು. ಮೂರನೆಯ ಸಲವಂತೂ ಒಂದೇ ಅಂಕದ ಅಂತರ. ಬೋಳುತಲೆಯ ವೆಂಕಣ್ಣನವರು ಸುಮ್ಮನಿರಲಿಲ್ಲ.

“ಸಾವಕಾರ್ರ, ನಿಮ್ಮ ಬಂದೂಕು ಭಾಳ ಉಪಕಾರ ಮಾಡ್ತು ನೋಡ್ರಿ. ಅದರಾಗ ನೋಡ್ಕೊಂಡು ತಲಿ ಬಾಚ್ಕೊಂಡೆ.”

ಕ್ಲಬ್ಬಿಗೆ ಕ್ಲಬ್ಬೇ ನಕ್ಕಿತು. ಶಂಭುಲಿಂಗಪ್ಪನವರು ಎದ್ದು ನಿಂತು, ಮುಂದಿನ ದಸರೆಯಲ್ಲೂ ಸೋತರೆ ರೈಫಲನ್ನು ಕ್ಲಬ್ಬಿಗೇ ಒಪ್ಪಿಸಿ ಇನ್ನೆಂದೂ ಮೈದಾನ ಮೆಟ್ಟುವುದಿಲ್ಲವೆಂದು ಎಲ್ಲರೆದುರು ಆಣೆ ಮಾಡಿದರು. ಆಮೇಲೆ ಎರಡು ದಿನ ಅವರಿಗೆ ಊಟ ರುಚಿಸಲಿಲ್ಲ. ಇಡೀ ಬದುಕಿನಲ್ಲಿ ಅವರು ಮನಸಾರೆ ಆಡುವ ಆಟವೆಂದರೆ ಗುರಿ ಹೊಡೆಯುವುದೊಂದೇ.

ನಳಿಕೆಯ ಹೊಳಪು ತೆಗೆಸಲೆಂದು ಹುಬ್ಬಳ್ಳಿಗೆ, ಬಂದೂಕು ದುರಸ್ತಿಯ ಗೌಸಮೊದ್ದೀನರನ್ನು ಹುಡುಕಿ ಹೋದರು. ಬಣ್ಣ ಬಳಿದರೆ ಸುಲಿಯುತ್ತದೆ, ಕೈಯಿಂದ ತಿಕ್ಕಿದರೆ ಗೀರು ಬೀಳುತ್ತದೆ, ಗಾಳಿಯ ಒತ್ತಡದಿಂದ ನುಣ್ಣನೆಯ ಗಾಜಿನ ಮಣಿ ಹೊಡೆಯುವುದೊಂದೇ ದಾರಿ ಎಂದರು ಗೌಸಮೊದ್ದೀನ. ಎಷ್ಟು ಮಂಕಾಗಬೇಕೆಂದು ಕೇಳಿದರು.

“ಹಂಗಲ್ಲರಿ, ಮಳಿ ಬರೂ ಮುಂದ ಮ್ವಾಡ ಇರತೈತಲ್ಲ, ಆ ಬಣ್ಣ ಬೇಕು.”

ನಳಿಕೆಯ ಎರಡೂ ಬಾಯಿಗೆ ಬೆಣೆ ಬಡಿದು, ಕೆತ್ತಿದ ನಂಬರಿನ ಮೇಲೆ ಪಟ್ಟಿ ಅಂಟಿಸಿ, ಸಾಸಿವೆಗಿಂತಲೂ ಸಣ್ಣ ಮಣಿಗಳ ಸುರಿಮಳೆಗರೆದರು ಗೌಸಮೊದ್ದೀನ. ಇದು ಮಾಗಿಯ ಮೋಡವಾಯಿತು, ಮುಂಗಾರಿನದಲ್ಲ ಎಂದು ಸಾವಕಾರರು ಎರಡು ಸಲ ಮರಳಿಸಿದರು. ಮೂರನೆಯ ಸಲ ನಳಿಕೆಯ ಮೇಲೆ ಬಿದ್ದ ಬೆಳಕು ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಶಂಭುಲಿಂಗಪ್ಪನವರು ಅದನ್ನು ಕೂಸಿನಂತೆ ಅರಿವೆಯಲ್ಲಿ ಸುತ್ತಿ ತಂದು, ಮನೆಯ ತಿಜೋರಿಯಲ್ಲಿ ಮಲಗಿಸಿ, ಹತ್ತಿ ನೋಡಲು ಅಮ್ಮಿನಬಾವಿಗೆ ಹೋದರು.

ಆದರೆ ತಿಜೋರಿಯ ಕೀಲಿ ಇರುವುದು ದಾಕ್ಷಾಯಿಣಿಯವರ ಸೊಂಟದಲ್ಲಿ. ಗಂಡನಿಗೆ ಹೊಳಪು ವೈರಿಯಾದರೆ ಹೆಂಡತಿಗೆ ಅದು ಕುಲದೈವ. ಅವರು ತಿಕ್ಕಿದ ತಂಬಿಗೆಯಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು. ಮಹಾನವಮಿಯ ಖಂಡೇಪೂಜೆ ಹತ್ತಿರವಾಗಿತ್ತು. ಮನೆಯಲ್ಲಿರುವ ಕಬ್ಬಿಣವೆಲ್ಲ ಅಂದು ಶುಚಿಯಾಗಿ ದೇವರ ಮುಂದೆ ಬರಬೇಕು. ರೈಫಲನ್ನು ತೆಗೆದು ನೋಡಿದರೆ ಮೈತುಂಬ ಮಂಕು! ಎರಡು ದಿನ ಹಗಲೆಲ್ಲ ಕೂತು, ಪಾಲಿಶ್ ಕಾಗದದಿಂದಲೂ ಹಿತ್ತಾಳೆಗೆ ಹಚ್ಚುವ ಪಾಲಿಶಿನಿಂದಲೂ ಅದರ ರೋಗ ಬಿಡಿಸಿದರು.

ಪೂಜೆಯ ಮುಂಜಾನೆ ಅಮ್ಮಿನಬಾವಿಯಿಂದ ಮರಳಿದ ಶಂಭುಲಿಂಗಪ್ಪನವರು ಹೊಸ್ತಿಲಲ್ಲೇ ನಿಂತುಬಿಟ್ಟರು. ತಕ್ಕಡಿಗೂ ಕುಡುಗೋಲಿಗೂ ನಡುವೆ, ಚೆಂಡುಹೂವಿನ ಮಾಲೆ ಧರಿಸಿ, ರೈಫಲ್ಲು ಬೆಳ್ಳಿಯಂತೆ ಥಳಥಳಿಸುತ್ತಿತ್ತು.

“ಎಷ್ಟ ಕಿಲುಬ ಹಿಡಿಸಿ ಇಟ್ಟಿದ್ರಿ,” ಎಂದರು ದಾಕ್ಷಾಯಿಣಿ. “ನನ್ನ ತೋಳ ಬಿದ್ದು ಹೋದುವು.”

ಸಾವಕಾರರು ‘ಹಂಗಲ್ಲ’ ಎಂದು ಬಾಯಿ ತೆಗೆದರು. ಹೆಂಡತಿಯ ಉಗುರೆಲ್ಲ ಕಪ್ಪಾಗಿದ್ದುವು. ಬೆರಳ ತುದಿಗಳು ಸುಲಿದಿದ್ದುವು.

“ಹೌದ,” ಎಂದರು. “ಛಲೋ ಆಗೇತಿ.”

ಮೂವತ್ತು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ‘ಹೌದು’ ಬಂದದ್ದು ಅದೇ ಮೊದಲೆಂದು ದಾಕ್ಷಾಯಿಣಿಯವರು ಇಂದಿಗೂ ಹೇಳುತ್ತಾರೆ.

ಮರುದಿನವೇ ಸ್ಪರ್ಧೆ. ಗೌಸಮೊದ್ದೀನರ ಅಂಗಡಿ ಹಬ್ಬಕ್ಕೆ ಮುಚ್ಚಿತ್ತು. ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಬಂದ ವೆಂಕಣ್ಣನವರು ಆ ಬೆಳ್ಳಿಯ ನಳಿಕೆಯನ್ನು ಕಂಡು, ಬಾಚಣಿಗೆ ಮರೆತು ಬಂದೆನಲ್ಲ ಎಂದು ಜೇಬು ತಡಕಿದರು. ಶಂಭುಲಿಂಗಪ್ಪನವರು ಮಲಗಿ ಗುರಿಯಿಟ್ಟರು. ಎರಡು ಅಂಕಗಳಿಂದ ಗೆದ್ದರು.

ಅಂದಿನಿಂದಲೇ ಪುರಾಣ ಬೆಳೆಯಿತು. ಉಜ್ಜಿದರೂ ಹೋಗದ ಹಾಗೆ ತಮ್ಮ ಮಣಿಗಳು ಉಕ್ಕಿನೊಳಗೇ ಇಳಿದಿದ್ದುವು ಎಂದರು ಗೌಸಮೊದ್ದೀನ. ಖಂಡೇಪೂಜೆಯ ಫಲವೆಂದರು ದಾಕ್ಷಾಯಿಣಿ. ನಮ್ಮಲ್ಲಿ ಹಠಮಾರಿಗಳಿಗೇನೂ ಬರವಿಲ್ಲ. ಆದರೆ ತಮ್ಮ ಹಠವನ್ನು ಊರಿಗೆಲ್ಲ ಸಾರಿ, ಮನೆಯಲ್ಲಿ ಸುಲಿದ ನಾಲ್ಕು ಬೆರಳುಗಳ ಮುಂದೆ ಅದನ್ನು ಸದ್ದಿಲ್ಲದೆ ಇಳಿಸಿಬಿಡುವವರ ಜಾತಿಯೇ ಬೇರೆ. ಅವರ ಗೆಲುವಿಗೆ ಲೋಕವು ದೊಡ್ಡ ಕಾರಣಗಳನ್ನು ಹುಡುಕುತ್ತದೆ. ಅವರು ಮಾತ್ರ ಹುಡುಕುವುದಿಲ್ಲ.

ಅಂದು ಗೆದ್ದ ಕೂಡಲೇ ಮೈದಾನದಲ್ಲಿ ಕೈಕುಲುಕಿದ ವೆಂಕಣ್ಣನವರಿಗೂ ತಡೆಯಲಾಗಲಿಲ್ಲ. ಇದು ಯಾವ ಯೋಗಸಾಧನೆ, ಅಷ್ಟು ಹೊಳಪಿನಲ್ಲಿ ಕಣ್ಣು ಹೇಗೆ ನಿಂತಿತು, ಖರೇ ಹೇಳ್ರಿ ಎಂದು ದುಂಬಾಲು ಬಿದ್ದರು. ಶಂಭುಲಿಂಗಪ್ಪನವರು ಕೋಟಿನ ಬಟ್ಟೆಗುಂಡಿಯನ್ನು ಹಾಕಿಕೊಂಡು ಒಮ್ಮೆ ಮೇಲೆ ನೋಡಿದರು.

“ಹಂಗಲ್ಲರಿ, ಇವತ್ತ ಮ್ವಾಡ ಆಗೇತಿ.”