ಗಂಜಿ ಬಿಟ್ಟ ಕೈಗವಸು

ಈಗ ಹುಬ್ಬಳ್ಳಿಯ ನಾಲ್ಕಾರು ಕಾರ್ಖಾನೆಗಳಿಗೆ ನಮ್ಮ ಕೈಗವಸು ಹೋಗುತ್ತವೆ. ಪ್ರತಿ ಗಂಟಿನಿಂದ ಒಂದು ಜೋಡಿ ಮೊದಲು ನೀರಿನ ಬಕೆಟ್ಟಿಗೆ ಬೀಳಬೇಕು. ಹೊಸದಾಗಿ ಕೆಲಸಕ್ಕೆ ಬಂದವರು ಇದೆಂಥ ಹುಚ್ಚು ಎಂದು ನಗುತ್ತಾರೆ. ಹುಚ್ಚು ಮೊದಲಿತ್ತು, ಈಗ ಬಿಟ್ಟಿದೆ.

ನಮ್ಮನೆಯವರಿಗೆ ಗಂಜಿಯ ಹುಚ್ಚು. ಅರ್ಜುನಪ್ಪನ ಮಗ್ಗದ ಸೀರೆ ಮಡಿಸಿಟ್ಟರೆ ಹಲಗೆಯಂತೆ ನಿಲ್ಲುತ್ತದೆ ಎಂದು ಅಂಗಡಿಕಾರರು ಹೊಗಳಿದರೆ ಇವರು ನೆಲದ ಮೇಲೆ ಇರುತ್ತಿರಲಿಲ್ಲ. ಆದರೆ ಗಿರಣಿ ಸೀರೆ ಬಂದ ಮೇಲೆ ನಮ್ಮವನ್ನು ಕೇಳುವವರು ಕಡಿಮೆಯಾದರು. ೧೯೫೯ರ ಹೊತ್ತಿಗೆ ಗೋಪನಕೊಪ್ಪದ ನಮ್ಮ ಮನೆಯ ಮಗ್ಗಗಳು ಅರ್ಧಕ್ಕರ್ಧ ಸುಮ್ಮನೆ ಕೂತಿದ್ದವು.

ನನ್ನ ನಾದಿನಿ ಮುತ್ತವ್ವನ ಗಂಡ ನೀಲಪ್ಪ ಗಬ್ಬೂರಿನ ಕಡೆ ಒಂದು ಎರಕದ ಕಾರ್ಖಾನೆಯಲ್ಲಿ ಕರಗಿದ ಕಬ್ಬಿಣ ಸುರಿಯುವ ಕೆಲಸಕ್ಕಿದ್ದ. ಕೈಗೆ ಗೋಣಿತಟ್ಟು ಸುತ್ತಿಕೊಳ್ಳುತ್ತಿದ್ದ.

"ಅಣ್ಣಾ, ಸೀರಿ ಯಾರೂ ತಗೊಳ್ಳವಲ್ರು. ಇವರ ಕೈಗೆ ಏನರ ದಪ್ಪಂದು ನೇದು ಕೊಡು," ಎಂದಳು ಮುತ್ತವ್ವ.

ಇವರು ದಪ್ಪ ನೂಲಿನ ಬಟ್ಟೆ ನೇಯ್ದರು, ನಾನು ಎರಡು ಪದರ ಇಟ್ಟು ಕೈಗವಸು ಹೊಲಿದೆ. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಸೀರೆ ಮಾಡಿದ ಕೈ ಸುಮ್ಮನಿರುತ್ತದೆಯೇ? ಕೈಗವಸಿಗೂ ಗಂಜಿ ಹಾಕಿ ಬಿಸಿಲಿಗೆ ಒಣಗಿಸಿದರು. ನಿಲ್ಲಿಸಿದರೆ ನಿಂತವು. ಕಾರ್ಖಾನೆಯ ಮಾಲಕರು ಖುಷಿಯಾಗಿ ಎಲ್ಲರಿಗೂ ತರಿಸಿದರು.

ಆ ಗಟ್ಟಿ ಬಟ್ಟೆಯೊಳಗೆ ನೀಲಪ್ಪನ ಬೆರಳು ಮಡಚಲಿಲ್ಲ. ಸೌಟಿನ ಹಿಡಿ ಜಾರಿ ಕಾದ ಕಬ್ಬಿಣ ಎಡಗಾಲಿನ ಮೇಲೆ ಚೆಲ್ಲಿತು. ಕಾಲು ಉಳಿಯಿತು, ಆದರೆ ಇಂದಿಗೂ ಕುಂಟುತ್ತಾನೆ.

ಆ ವರ್ಷ ಮುತ್ತವ್ವ ನಾಗರ ಪಂಚಮಿಗೆ ತವರಿಗೆ ಬರಲಿಲ್ಲ. ಇವರು ಕರೆಯಲು ಹೋದರೆ, "ಹೋಗಿ ನಿನ್ನ ಗಂಜಿ ಕುದಿಸ್ಕೋ ಹೋಗಣ್ಣಾ," ಎಂದಳಂತೆ. ತಿರುಗಿ ಬಂದವರು ಪ್ರತಿ ಪಂಚಮಿಗೂ ತಂಗಿಗಾಗಿ ಕಟ್ಟುತ್ತಿದ್ದ ಜೋಕಾಲಿ ಕಟ್ಟಲೇ ಇಲ್ಲ, ಬರೀ ತೊಲೆ ನೋಡುತ್ತ ಕೂತರು. ನನಗೆ ಸಿಟ್ಟೂ ಬಂತು, ಕನಿಕರವೂ ಬಂತು.

"ಸೀರಿ ಬ್ಯಾರೆ, ಕೈ ಬ್ಯಾರೆ. ಇನ್ನರ ತಿಳೀತೇನ್ರಿ?" ಎಂದೆ.

ನೂಲಿಗೆ ಗಂಜಿ ಹಾಕದೆ ಮಗ್ಗ ನಡೆಯದು, ಎಳೆ ಹರಿಯುತ್ತದೆ. ಹಾಗಾಗಿ ನೇಯ್ದ ಮೇಲೆ ಅದನ್ನು ತೆಗೆಯಬೇಕು. ತಮ್ಮ ಟವೆಲ್ಲನ್ನೂ ಒಗೆದುಕೊಳ್ಳದವರು ಬಟ್ಟೆ ಕುದಿಸಿದರು, ಬಡಿದರು, ಹಿಂಡಿದರು, ಮತ್ತೆ ಕುದಿಸಿದರು. ಅದರಿಂದ ಹೊಲಿದ ಕೈಗವಸು ಹಳೆಯ ಧೋತರದಂತೆ ಜೋತುಬಿದ್ದವು.

"ಇದೇನಪಾ, ಹಳೇವು ತಂದೀಯಲ್ಲ? ಮೊದಲಿನಂಗ ಖಡಕ್ ಮಾಡಿ ತಾ," ಎಂದರು ಮಾಲಕರು.

"ಖಡಕ್ ಬೇಕಂದ್ರ ಸೀರಿ ಕೊಡ್ತೇನ್ರಿ. ಗವಸ ಕೊಡಂಗಿಲ್ಲ," ಎಂದು ಇವರು ಗಂಟು ಕಟ್ಟಿಕೊಂಡು ಬಂದರು. ಅದೇ ಮಾಲಕರು ಮುಂದೆ ಮೆತ್ತನೆಯವೇ ಬೇಕೆಂಬ ಕೆಲಸಗಾರರ ಕಾಟ ತಾಳಲಾರದೆ ಹೇಳಿ ಕಳಿಸಿದ್ದು ಬೇರೆ ಮಾತು.

ಮರುವರ್ಷ ಪಂಚಮಿಯ ಹಿಂದಿನ ದಿನ ಮುತ್ತವ್ವ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಗಂಟಿರಲಿಲ್ಲ, ಇರಲು ಬಂದವಳಲ್ಲ. ನೀಲಪ್ಪ ಮತ್ತೆ ಕೆಲಸಕ್ಕೆ ಹೊರಟಿದ್ದ, ಗೋಣಿತಟ್ಟು ಸುತ್ತಿಕೊಂಡೇ.

"ಒಂದ ಜೋಡಿ ಕೊಡು," ಎಂದಳು, ಅಣ್ಣನ ಮುಖ ನೋಡದೆ.

ಕೈಗೆ ಹಾಕಿಕೊಂಡು ಮುಷ್ಟಿ ಕಟ್ಟಿದಳು, ಬಿಚ್ಚಿದಳು. ಅಷ್ಟಕ್ಕೆ ನಂಬಲಿಲ್ಲ. ಬಕೆಟ್ಟಿನಲ್ಲಿ ಅದ್ದಿ, ತಿಕ್ಕಿ, ಹಿಂಡಿ, ಬಗ್ಗಿ ನೋಡಿದಳು. ಇವರು ಕಂಬ ಹಿಡಿದು ನಿಂತೇ ಇದ್ದರು. ನೀರು ಬೆಳ್ಳಗಾಗಲಿಲ್ಲ, ಬಕೆಟ್ಟಿನ ತಳ ಕಾಣುತ್ತಿತ್ತು.

ಮುತ್ತವ್ವ ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ವೈನಿ, ಪಂಚಮಿ ಉಂಡಿಗೆ ಶೇಂಗಾ ಹುರದದ್ದಾತೇನು? ಆಗಿಲ್ಲಂದ್ರ ಅತ್ತಾಗ ಸರಿ, ನಾ ಹುರೀತೇನಿ."

ಇವರು ಜೋಕಾಲಿಯ ಹಗ್ಗ ಹುಡುಕಲು ಅಟ್ಟ ಹತ್ತಿದರು.