ಎರಡನೇ ಮೂಸೆ

ನ್ಯಾಮತಿಯಲ್ಲಿ ಕಂಚಿನ ವಿಗ್ರಹ ಎರೆಯುವವನು ನಾನೊಬ್ಬನೇ. ಹೆಂಡತಿ ಶಂಕರಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಅಲ್ಲಿಂದೀಚೆಗೆ ಒಂದು ವಿಗ್ರಹವೂ ನೆಟ್ಟಗೆ ಬಂದಿರಲಿಲ್ಲ, ಸೊಂಟದಲ್ಲೊಂದು ಗೆರೆ ಬೀಳುತ್ತಿತ್ತು. ಉಜ್ಜಿ ಮರೆಮಾಚುತ್ತಿದ್ದೆ. ಕೊಂಡವರಿಗೆ ಗೊತ್ತಾಗುತ್ತಿರಲಿಲ್ಲ, ನನಗೆ ಗೊತ್ತಿತ್ತಲ್ಲ. ಸಾಕಾಗಿಹೋಗಿ, ಸಾಮಾನೆಲ್ಲ ಒಯ್ಯಿರಿ ಎಂದು ಪಕ್ಕದ ಮನೆಯ ಪಾತ್ರೆ ವ್ಯಾಪಾರಿ ಮೌಲಾಸಾಬರಿಗೆ ಹೇಳಿದ್ದೆ.

ಅದೇ ದಿನ, ನಲವತ್ತೊಂದನೇ ಇಸವಿಯ ಚಳಿಗಾಲದಲ್ಲಿ, ಹಳೇ ವಿಗ್ರಹಗಳ ಬಗ್ಗೆ ಓದಿಕೊಂಡ ನಾಗರಾಜಪ್ಪ ಎಂಬವರು ಮೈಸೂರಿನಿಂದ ಬಂದರು. ಹೊನ್ನಾಳಿ ಕಡೆಯ ಹೊಲವೊಂದರಲ್ಲಿ ಸಿಕ್ಕ ಏಳುನೂರು ವರ್ಷದ ದೇವಿಯನ್ನು ಎಕ್ಸ್‌ರೇ ಯಂತ್ರದ ಕೆಳಗಿಟ್ಟು ಒಳಗಿನ ಚಿತ್ರ ತೆಗೆಸಿದ್ದರು. ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಳಗಿನ ಮಣ್ಣು, ಕಬ್ಬಿಣದ ಕಂಬಿ ಎಲ್ಲ ಕಂಡವು. ಸೊಂಟದಲ್ಲಿ ಅಡ್ಡಕ್ಕೆ ಒಂದು ಗೆರೆ.

"ಹೊರಗಡೆ ಏನೂ ಕಾಣಲ್ಲ. ಮಾಡಿದೋನಿಗೆ ಕೈ ಪಳಗಿರಲಿಲ್ಲ ಅಂತ ಬರೆಯೋಣ ಅಂತಿದ್ದೀನಿ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಆ ಬೆರಳು ನೋಡ್ರಿ, ಕೈ ಪಳಗದೋನು ಮಾಡ್ತಾನೇನ್ರಿ? ಇಷ್ಟೆತ್ತರದ್ದಕ್ಕೆ ಎರಡು ಮೂಸೆ ಕಂಚು ಕರಗಿಸಬೇಕು. ಒಂದು ಮುಗಿಯೋದ್ರೊಳಗೆ ಇನ್ನೊಬ್ರು ಎರಡನೇದು ಹೊಯ್ಯಾಕೆ ಹತ್ತಬೇಕು. ಒಬ್ಬನೇ ಆದ್ರೆ, ಒಂದು ಇಳಿಸಿ ಇನ್ನೊಂದು ಎತ್ತೋದ್ರೊಳಗೆ ಅಚ್ಚಿನಾಗಿಂದು ಕೆನೆ ಕಟ್ಟತೈತೆ, ಎರಡನೇದು ಅದಕ್ಕೆ ಕೂಡಾಕಿಲ್ಲ. ಅದೇ ಗೆರೆ."

"ಯಾರನ್ನಾದರೂ ಕರೀಬಹುದಿತ್ತಲ್ಲ?"

"ಕರೀಬಹುದಿತ್ತು. ಜತೆಗೆ ಹೊಯ್ಯೋರು ಹೋದ್ಮ್ಯಾಲೆ ಆ ಜಾಗದಾಗೆ ಬೇರೆಯೋರನ್ನ ನಿಲ್ಸಾಕೆ ಮನಸ್ಸು ಬಂದಿರಾಕಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. 'ಒಬ್ಬನೇ ಎರೆದದ್ದು' ಎಂದು ಬರೆದುಕೊಂಡು ಮೋಟಾರು ಹತ್ತಿದರು. ಏಳುನೂರು ವರ್ಷದ ಹಿಂದಿನವನ ಸಂಕಟ ನನಗೆ ತಿಳಿಯಿತು. ನನ್ನದನ್ನು ನಾನು ಪಕ್ಕದ ಮನೆಗೂ ಹೇಳಿರಲಿಲ್ಲ.

ಸಂಜೆ ಮೌಲಾಸಾಬರು ಗೋಣಿಚೀಲ ಹಿಡಿದು ಬಂದರು.

"ಮಾರಾಕಿಲ್ಲ ಸಾಬ್ರೆ. ಅಚ್ಚೊಂದು ಒಣಗಿ ಕುಂತೈತೆ, ನಾಳೆ ಎರಕ ಐತೆ. ಎರಡನೇ ಮೂಸೆ ಹಿಡಿಯಾಕೆ ಬರ್ತೀರೇನು?"

"ಮೂರು ವರ್ಷದಿಂದ ಕಾಯ್ತಾ ಇದೀನಿ ಬಂಗಾರಪ್ಪಣ್ಣ, ಯಾವಾಗ ಕರೀತೀರೋ ಅಂತ."

ಮರುದಿನ ಅವರು ಇಕ್ಕಳ ಹಿಡಿದು ನನ್ನ ಎಡಗಡೆಗೆ, ಶಂಕರಮ್ಮ ನಿಲ್ಲುತ್ತಿದ್ದಲ್ಲಿಗೇ ಬಂದು ನಿಂತರು. ಕಂಚು ಕರಗಿತ್ತು, ತಡಮಾಡುವ ಹಾಗಿರಲಿಲ್ಲ.

"ಅಲ್ಲಿ ಬ್ಯಾಡ, ಈ ಕಡೆ ಬರ್ರಿ," ಎಂದೆ. ಯಾಕೆಂದು ಕೇಳದೆ ಬಲಗಡೆಗೆ ಬಂದರು.

ಅಚ್ಚು ಒಡೆದಾಗ ಸೊಂಟದಲ್ಲಿ ಗೆರೆ ಇರಲಿಲ್ಲ. ತೋರಿಸೋಣವೆಂದು ಖುಷಿಯಲ್ಲಿ ಎಡಗಡೆಗೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ.