ರಾಗ ತಪ್ಪದ ಗುಟ್ಟು

ನಖ್ಲಾ ಎಂಬ ನಮ್ಮ ಆಪರೇಟಿಂಗ್ ಸಿಸ್ಟಂನ ಕೋಡನ್ನು ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ತಿದ್ದಿ ಕಳುಹಿಸಬಹುದು. ಬಂದದ್ದನ್ನೆಲ್ಲ ಜರಡಿ ಹಿಡಿದು, ಇದು ನಮ್ಮದೇ, ನಡುವೆ ಯಾರೂ ಕೈಯಾಡಿಸಿಲ್ಲ ಎಂದು ಮೊಹರು ಒತ್ತುವವರು ಮಾತ್ರ ನಾಲ್ವರೇ. ಬಸ್ರಾದಲ್ಲಿ ಕುಳಿತ ನಾನು ಅವರಲ್ಲೊಬ್ಬ. ಮರುದಿನ ಹೊಸ ಆವೃತ್ತಿ ಹೊರಡಲಿತ್ತು. ಇಡೀ ಆವೃತ್ತಿಗೆ ಮೊಹರು ಒತ್ತುವ ಸರದಿ ಮೊದಲ ಬಾರಿಗೆ ನನ್ನದು. ಇದನ್ನು ಹೆಂಡತಿಗೆ ಹೇಳಿದ್ದೆ, ಅವಳ ತಮ್ಮಂದಿರಿಗೆ ಹೇಳಿದ್ದೆ, ಹಲ್ಲಿನ ಡಾಕ್ಟರಿಗೂ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಹೇಳಿದ್ದೆ.

ಮೊಹರೆಂದರೆ ಒಂದು ಫೈಲು. ಅದು ನನ್ನ ಲ್ಯಾಪ್‌ಟಾಪಿನಲ್ಲಿದೆ. ಅದನ್ನು ತೆರೆಯುವ ಗುಪ್ತವಾಕ್ಯ ನನ್ನ ತಲೆಯಲ್ಲಿದೆ. ಗುಪ್ತವಾಕ್ಯ ಹೇಗಿರಬೇಕೆಂಬ ನಿಯಮಗಳನ್ನು ಬರೆದವನೂ ನಾನೇ: ಉದ್ದವಾಗಿರಬೇಕು, ಯಾವ ಪುಸ್ತಕದಲ್ಲೂ ಇರಬಾರದು, ಎಲ್ಲೂ ಬರೆದಿಡಬಾರದು. ಈ ಮೂರನ್ನೂ ಪಾಲಿಸಿ ಹಳೆಯ ಛಂದಸ್ಸಿನಲ್ಲಿ ನಾನೇ ಒಂದು ಸಾಲು ಕಟ್ಟಿಕೊಂಡಿದ್ದೆ. ನಮ್ಮ ಮನೆಯಲ್ಲಿ ಅಕ್ಷರ ಕಣ್ಣಿಗೆ ಬೀಳುವ ಮೊದಲೇ ಪದ್ಯ ಕಿವಿಗೆ ಬೀಳುತ್ತಿತ್ತು. ಅಜ್ಜ ಓದಿದ್ದನ್ನು ಕೇಳಿ ಕೇಳಿಯೇ ಬೆಳೆದವನು ನಾನು. ಹಾಗಾಗಿ ನನ್ನ ಸಾಲು ನನಗೆ ಎಂದೂ ಮರೆಯದು ಎಂಬ ಹೆಮ್ಮೆಯಿತ್ತು. ಬೇರೆಯವರಿಗೂ ಮರೆಯದು ಎಂಬುದು ಹೊಳೆದಿರಲಿಲ್ಲ.

ಮನೆಯಲ್ಲಿ ಕರೆಂಟು ಆಗಾಗ ಹೋಗುವ ಕಾರಣ, ಸ್ವಂತ ಜನರೇಟರ್ ಇಟ್ಟಿರುವ ಹಜ್ಜಿ ಖದೂರಿಯ ಚಹಾದಂಗಡಿಯೇ ನನ್ನ ಕಚೇರಿ. ಅಂದು ಮಧ್ಯಾಹ್ನ ಒಣನಿಂಬೆಯ ಚಹಾ ಹೀರುತ್ತಿದ್ದೆ. ಪಕ್ಕದ ಬೆಂಚಿನಿಂದ ದರ್ಜಿ ಅಬು ನಜಾಹ್ ಕರೆದ.

“ಉಸ್ತಾದ್ ಮೈಸಮ್, ನಿಮ್ಮ ಸಾಲಿಗೆ ಜೊತೆ ಸಿಕ್ತು ನೋಡಿ!”

“ಯಾವ ಸಾಲು?”

“ಅದೇ, ದಿನಾ ಆ ಪೆಟ್ಟಿಗೆ ಮುಂದೆ ಕೂತು ಹೇಳ್ತೀರಲ್ಲ,” ಎಂದವನೇ ಕಣ್ಣು ಮುಚ್ಚಿ ರಾಗವೆತ್ತಿದ:

“ದೋಣಿ ಕಾಯುವ ನಾವಿಕನ ಕಣ್ಣು ದಡದ ಕಳ್ಳರ ಬಳಿಗೆ,
ತಳದ ತೂತಲಿ ನೀರು ಮೆಲ್ಲನೆ ಬಂದು ಕೂತಿದೆ ಒಳಗೆ.”

ಅಂಗಡಿ ತುಂಬ “ಅಹ್ಸಂತ್! ಅಹ್ಸಂತ್!” ಎಂಬ ಮೆಚ್ಚುಗೆ. ಮೊದಲ ಸಾಲು ನನ್ನ ಗುಪ್ತವಾಕ್ಯ, ಒಂದು ಪದವೂ ಬಿಡದೆ. ಎರಡನೆಯದು, ದೇವರಾಣೆ, ಅದಕ್ಕಿಂತ ಚೆನ್ನಾಗಿತ್ತು.

“ನಾನು... ಅದನ್ನ ಗುನುಗ್ತೀನಾ?”

“ಗುನುಗೋದಾ?” ಹಜ್ಜಿ ಖದೂರಿ ಲೋಟ ತೊಳೆಯುತ್ತಲೇ ನಕ್ಕ. “ಕೊನೇ ಪದ ಎಳೀತೀರಪ್ಪಾ! ಎದುರಿನ ಮೀನಂಗಡಿಯವನಿಗೂ ಬಾಯಿಪಾಠ. ಮುಂದಿನ ಸಾಲು ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೂ ಕಾದೂ ಸಾಕಾಯ್ತು. ಅರ್ಧ ಪದ್ಯ ಹೇಳಿ ನಮಾಜಿಗೆ ಎದ್ದುಹೋಗೋದು ಯಾವ ಊರಿನ ಮರ್ಯಾದೆ?”

ನಮಾಜು ಎಂದೊಡನೆ ಲ್ಯಾಪ್‌ಟಾಪಿನತ್ತ ತಿರುಗಿದೆ. “ಹಜ್ಜಿ, ನಾನು ನಮಾಜಿಗೆ ಹೋದಾಗ ಲ್ಯಾಪ್‌ಟಾಪು...”

“ನನ್ ಕಣ್ಮುಂದೇನೇ ಇರುತ್ತೆ. ಮುಟ್ಟಿದೋರ ಕೈ ಮುರೀತೀನಿ.” ಸ್ವಲ್ಪ ಯೋಚಿಸಿ ಸೇರಿಸಿದ: “ಮೊನ್ನೆ ಯಾರೋ ಪರವೂರಿನೋನು ಅದರ ಪಕ್ಕ ಕೂತು ಚಾರ್ಜರ್ ಕೇಳ್ದ. ಅತಿಥಿ ಅಲ್ವಾ, ಕೊಟ್ಟೆ. ನಾನು ಒಳಗೆ ಸಕ್ಕರೆ ತರೋಕೆ ಹೋಗಿದ್ದೆ.”

ಫೈಲನ್ನು ನಕಲು ಮಾಡಿಕೊಳ್ಳಲು ಅಷ್ಟು ಹೊತ್ತು ಸಾಕು. ಪರವೂರಿನವನಿಗೆ ನಿಜಕ್ಕೂ ಚಾರ್ಜರೇ ಬೇಕಿದ್ದಿರಬಹುದು. ನಾಳೆ ಒಂದು ದಿನ ಕಳೆಯಲಿ, ನನ್ನ ಮೊಹರು ಬೀಳಲಿ, ಆಮೇಲೆ ಸದ್ದಿಲ್ಲದೆ ಗುಪ್ತವಾಕ್ಯ ಬದಲಾಯಿಸಿದರಾಯಿತು. ದೇವರು ಬಲ್ಲ, ಆದರೆ ದೇವರು ನಮ್ಮ ತಂಡದ ವಸ್ಸೀಲಾಗೆ ಫೋನು ಮಾಡುವುದಿಲ್ಲ ಎಂದು ಸೈತಾನ ಕಿವಿಯಲ್ಲಿ ಊದಿದ. ಕೇಳುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗ. ಸಾಕಷ್ಟು ಹೊತ್ತು ಕೇಳಿದೆ. ಆದರೆ ನಮ್ಮೂರ ಹೆರಿಗೆ ಆಸ್ಪತ್ರೆಯ ಯಂತ್ರಗಳಲ್ಲೂ ನಖ್ಲಾ ಇದೆ. ಕದ್ದ ಮೊಹರು ಹೊತ್ತು ಏನು ಬಂದರೂ ಅವು ನಂಬಿ ಒಳಗೆ ಬಿಟ್ಟುಕೊಳ್ಳುತ್ತವೆ.

ಒರಾನ್‌ನಲ್ಲಿರುವ ವಸ್ಸೀಲಾ ನಮ್ಮ ಭದ್ರತೆಯ ಹೊಣೆ ಹೊತ್ತವಳು. ಫೋನು ಹಚ್ಚಿ, ನನ್ನ ಮೊಹರು ಬೇರೆಯವರ ಕೈ ಸೇರಿರಬಹುದು ಎಂದೆ.

“ಫೈಲು ಕಳುವಾಯ್ತಾ?” ಅಂದಳು.

“ಗೊತ್ತಿಲ್ಲ.”

“ಗುಪ್ತವಾಕ್ಯ?”

“ಮೀನಂಗಡಿಯವನಿಗೆ ಬಾಯಿಪಾಠ.”

“ನಿಯಮ ಬರೆದೋನು ನೀನೇ ಅಲ್ವೇನೋ ಮೈಸಮ್?”

“ಹೌದು. ಹಾಡಬಾರದು ಅಂತ ಅದರಲ್ಲಿ ಬರೆದಿರ್ಲಿಲ್ಲ.”

“ಈಗ್ಲೇ ರದ್ದು ಮಾಡು. ನೀನು ಮೊಹರು ಒತ್ತಿದ್ದನ್ನೆಲ್ಲ ನಾವು ಮತ್ತೆ ಪರೀಕ್ಷೆ ಮಾಡ್ತೀವಿ. ಹೊಸ ಆವೃತ್ತಿಗೆ ತೈಮೂರ್ ಒತ್ತಲಿ. ನಿನಗೆ ಹೊಸ ಮೊಹರು ಬೇಕಂದ್ರೆ ನಮ್ಮಲ್ಲಿಬ್ರು ನಿನ್ನ ಎದುರಾಬದುರು ಕಂಡು ಗುರುತಿನ ಚೀಟಿ ನೋಡ್ಬೇಕು. ಅದು ಮುಂದಿನ ವರ್ಷದ ಸಮ್ಮೇಳನದಲ್ಲೇ. ಫೋನ್ ಇಡಬೇಡ, ಮುಗಿಸಿ ಹೇಳು.”

ನಾಲ್ವರಲ್ಲಿ ಇನ್ನೊಬ್ಬನಾದ ತೈಮೂರ್‌ಗೆ ಎಚ್ಚರ ಸಾಲದೆಂದು ಹೋದ ತಿಂಗಳಷ್ಟೇ ಉಪದೇಶ ಮಾಡಿದ್ದವನು ನಾನು.

ಮೊಹರನ್ನು ಕೊಲ್ಲುವುದಕ್ಕೂ ಅದೇ ಗುಪ್ತವಾಕ್ಯ ಒತ್ತಬೇಕು. ತುಟಿ ಬಿಗಿದು ಕುಳಿತೆ. ಬಾಯಿ ಮುಚ್ಚಿದೊಡನೆ ಬೆರಳುಗಳೂ ಮುಚ್ಚಿಕೊಂಡವು. ಒಮ್ಮೆ ತಪ್ಪಿತು. ಮತ್ತೆ ತಪ್ಪಿತು. ಅಬು ನಜಾಹ್‌ಗೆ ನೋಡಲಾಗಲಿಲ್ಲ. “ದೋಣಿ ಕಾಯುವ...” ಎಂದು ಮೆಲ್ಲಗೆ ಎತ್ತಿಕೊಟ್ಟ. ಹಜ್ಜಿ ಸೇರಿದ. ಬೆಂಚುಗಳೆಲ್ಲ ಸೇರಿದವು. ಅವರ ರಾಗ ಹಿಡಿದು ನನ್ನ ಬೆರಳು ನಡೆಯಿತು. ‘ಬಳಿಗೆ’ಯನ್ನು ಅವರು ಎಳೆದಷ್ಟು ಹೊತ್ತು ನಾನೂ ಕಾದು ಕೊನೆಯ ಅಕ್ಷರ ಒತ್ತಿದೆ. ರದ್ದಾಯಿತೆಂದು ಪರದೆ ಹೇಳುವಾಗ ಅಂಗಡಿ ಎರಡನೆಯ ಸಾಲು ಮುಗಿಸಿ ಚಪ್ಪಾಳೆ ತಟ್ಟುತ್ತಿತ್ತು.

“ಆಯ್ತು,” ಅಂದೆ ಫೋನಿಗೆ.

ಅಬು ನಜಾಹ್ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. “ಹೊಸದು ಮಾಡ್ತೀರಲ್ಲ, ಅದಕ್ಕೆ ಯಾವ ಪ್ರಾಸ? ಈಗಲೇ ಹೇಳಿದ್ರೆ ನಾನೂ ಯೋಚ್ನೆ ಮಾಡ್ತಿರ್ತೀನಿ.”

“ಹೇಳ್ಬೇಡ!” ಎಂದು ಒರಾನ್‌ನಿಂದ ವಸ್ಸೀಲಾ ಕಿರುಚಿದ್ದು ಮೀನಂಗಡಿಯವರೆಗೂ ಕೇಳಿಸಿರಬೇಕು.

ಮುಂದಿನ ವರ್ಷದವರೆಗೆ ನನ್ನ ಬಳಿ ಮೊಹರೂ ಇಲ್ಲ, ಹೇಳಲು ಸಾಲೂ ಇಲ್ಲ.